ಸೋಲಾರ್ ಹೀಟರಿಗೆ ಹೊಸ ವಾಲ್ವ್: ಮೂರನೇ ಭಾನುವಾರ

ಮೈಸೂರು ಕುವೆಂಪುನಗರದ ನಮ್ಮ ಮನೆಯ ತಾರಸಿ ಮೇಲೆ ಬಿಸಿನೀರಿನ ಹಳೇ ಗೇಟ್ ವಾಲ್ವ್ (ಒಳಗಿನ ಹಲಗೆ ಇಳಿಸಿ ನೀರು ನಿಲ್ಲಿಸುವಂಥದ್ದು) ಇವತ್ತು ಕೊನೆಗೂ ಕಳಚಿ ಬಂತು.

ಇದೆಲ್ಲ ಶುರುವಾಗಿದ್ದು ಅಡುಗೆಮನೆಯಲ್ಲಿ. ಅಮ್ಮ ಅಕ್ಕಿ ತೊಳೆಯಲು ತಣ್ಣೀರಿನ ನಲ್ಲಿ ತಿರುಗಿಸಿದರೆ ಸುಡುವ ನೀರು ಬಂದು ಕೈ ಬೆಂದಿತು. ಸೋಲಾರಿಗೂ ಅಡುಗೆಮನೆಗೂ ಮೇಲಿನ ಟ್ಯಾಂಕಿನಿಂದ ಒಂದೇ ಪೈಪು. ಟ್ಯಾಂಕ್ ಖಾಲಿಯಾದಾಗ ಸೋಲಾರಿನ ಬಿಸಿನೀರು ಅದೇ ದಾರಿಯಲ್ಲಿ ವಾಪಸ್ ಇಳಿಯುತ್ತಿತ್ತು. ತಡೆಯಲು ನಾನ್ ರಿಟರ್ನ್ ವಾಲ್ವ್, ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್, ಇರಲೇ ಇಲ್ಲ! ರಿಪೇರಿಗೆ ಬಿಸಿನೀರು ನಿಲ್ಲಿಸೋಣ ಅಂದರೆ ಗೇಟ್ ವಾಲ್ವ್ ಎಷ್ಟು ತಿರುಗಿಸಿದರೂ ಮುಚ್ಚಲಿಲ್ಲ.

ಬಿಚ್ಚಿ ನೋಡಿದೆ. ನಮ್ಮದು ಬೋರ್‌ವೆಲ್ಲಿನ ಗಡಸು ನೀರು, ಕಾದಾಗ ಸುಣ್ಣ ಬಿಡುತ್ತದೆ. ಒಳಗಿನ ಹಲಗೆ ಕೂರುವ ಜಾಗದಲ್ಲಿ ಅದೇ ಗಟ್ಟಿಯಾಗಿ ಕೂತಿತ್ತು. ಅದರ ಬದಲಿಗೆ ಮುಕ್ಕಾಲು ಇಂಚಿನ ಹಿತ್ತಾಳೆ ಬಾಲ್ ವಾಲ್ವ್ ತಂದೆ, ಫುಲ್ ಬೋರ್. ತೂತು ಪೈಪಿನಷ್ಟೇ ಅಗಲ, ಕಾಲು ಸುತ್ತು ತಿರುಗಿಸಿದರೆ ಸಾಕು. ತಿಂಗಳಿಗೊಮ್ಮೆ ಸುಮ್ನೆ ಮುಚ್ಚಿ ತೆರೆಯಬೇಕು, ಇಲ್ಲದಿದ್ದರೆ ಇದೂ ಹಿಡಿದುಕೊಳ್ಳುತ್ತದೆ.

ನಾನ್ ರಿಟರ್ನ್ ವಾಲ್ವ್ ಆರಿಸಲು ಎರಡು ವಾರ ಹಿಡಿಯಿತು. ಅಂಗಡಿಯವರು ಮೊದಲು ಕೊಟ್ಟಿದ್ದು ಸ್ಪ್ರಿಂಗ್ ಇರುವುದು. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ನಮ್ಮ ಟ್ಯಾಂಕ್ ಸೋಲಾರಿಗಿಂತ ಬರೀ ಎರಡಡಿ ಮೇಲಿದೆ, ಅಂದರೆ 0.06 ಬಾರ್. ಅಷ್ಟರಲ್ಲಿ ಸ್ಪ್ರಿಂಗ್ ತಳ್ಳುವುದಕ್ಕೇ ಬಲ ಮುಗಿದರೆ ಸೋಲಾರಿಗೆ ನೀರು ತುಂಬುವುದು ಹೇಗೆ? ಅದನ್ನು ವಾಪಸ್ ಕೊಟ್ಟು ಸ್ವಿಂಗ್ ವಾಲ್ವ್ ತಂದೆ. ಒಳಗೆ ಬಾಗಿಲಿನಂಥ ಒಂದು ರೆಕ್ಕೆ, ಸ್ವಲ್ಪ ನೀರಿಗೇ ತೆರೆಯುತ್ತದೆ. ಅಡ್ಡ ಪೈಪಿನಲ್ಲಿ, ಬಾಣದ ಗುರುತು ಸೋಲಾರ್ ಕಡೆಗಿಟ್ಟು ಕೂರಿಸಿದೆ.

ಸೋಲಾರ್ ಟ್ಯಾಂಕಿನಿಂದ ಮೇಲಕ್ಕೆ ಬಾಯಿ ತೆರೆದಿರುವ ಗಾಳಿ ಪೈಪಿಗೂ ಒಂದು ವಾಲ್ವ್ ಹಾಕಿ ಅಂದರು ಪಕ್ಕದ ಮನೆಯ ಅಂಕಲ್. ಖಂಡಿತ ಬೇಡ ಅಂದೆ. ಕಾದು ಹಿಗ್ಗಿದ ನೀರು ಇನ್ನು ಹಿಂದಕ್ಕೆ ಹೋಗುವಂತಿಲ್ಲ. ಅದಕ್ಕೂ ಆವಿಗೂ ಉಳಿದಿರುವ ದಾರಿ ಆ ಪೈಪು ಮಾತ್ರ. ನೀರು ಇಳಿದಾಗ ಗಾಳಿ ಒಳಗೆ ಬರುವುದೂ ಅಲ್ಲಿಂದಲೇ. ಮುಚ್ಚಿದರೆ ಸೋಲಾರಿನ ಟ್ಯಾಂಕೇ ಒಳಕ್ಕೆ ಕುಗ್ಗಬಹುದು.

ಸಂಜೆ ಮೇಲಿನ ಟ್ಯಾಂಕ್ ಬೇಕಂತಲೇ ಖಾಲಿ ಮಾಡಿ ಅಡುಗೆಮನೆಯ ನಲ್ಲಿ ತೆರೆದೆ. ನೀರು ನಿಂತಿತು, ಬಿಸಿನೀರು ಬರಲಿಲ್ಲ. ಅಮ್ಮ ಪಕ್ಕದಲ್ಲೇ ನಿಂತು ನೋಡಿದರು. ಬಾಲ್ ವಾಲ್ವಿನ ಒಂದು ಥ್ರೆಡ್ಡಿನಲ್ಲಿ ಇನ್ನೂ ಹನಿ ಜಿನುಗುತ್ತಿದೆ. ಮುಂದಿನ ಭಾನುವಾರ ಬಿಚ್ಚಿ, ಟೆಫ್ಲಾನ್ ಟೇಪ್ ಹೊಸದಾಗಿ ಸುತ್ತುತ್ತೇನೆ.