ನನ್ನ ಮಗುವೂ ಬಿಡಿಸುತ್ತೆ, ಇದರಲ್ಲೇನಿದೆ?

ನಾನು ಚಿತ್ರಕಲೆಯ ಬಗ್ಗೆ ಬರೆಯುತ್ತೇನೆಂದು ಗೊತ್ತಾದರೆ ಸಾಕು, ಯಾರಾದರೊಬ್ಬರು ಮೊಬೈಲ್ ಮುಂದೆ ಹಿಡಿದು ಈ ಪ್ರಶ್ನೆ ಕೇಳುತ್ತಾರೆ. ಪರದೆಯ ಮೇಲೆ ಬಿಳಿ ಅಂಚಿನೊಳಗೊಂದು ಕಪ್ಪು ಚೌಕ. ಕಝಿಮೀರ್ ಮಾಲೆವಿಚ್ 1915ರಲ್ಲಿ ಬರೆದ ‘ಕಪ್ಪು ಚೌಕ’.

ಮಗು ಬಿಡಿಸಲಿ, ನನ್ನ ತಕರಾರಿಲ್ಲ. ಆದರೆ ಅದನ್ನು ಎಲ್ಲಿ ತೂಗುಹಾಕುತ್ತೀರಿ?

1915ರ ಡಿಸೆಂಬರಿನಲ್ಲಿ, ಮೊದಲ ಮಹಾಯುದ್ಧದ ನಡುವೆ, ರಷ್ಯಾದ ಪೆಟ್ರೋಗ್ರಾಡ್‌ನಲ್ಲಿ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ‘0,10’ ಎಂಬ ಪ್ರದರ್ಶನ ನಡೆಯಿತು. ಆ ಕೋಣೆಯ ಫೋಟೋ ಉಳಿದಿದೆ: ಗೋಡೆ ತುಂಬ ಮಾಲೆವಿಚ್‌ನ ಚಿತ್ರಗಳು, ಕೆಳಗೊಂದು ಖಾಲಿ ಕುರ್ಚಿ, ಮೇಲೆ ಎರಡು ಗೋಡೆ ಕೂಡುವ ಮೂಲೆಗೆ ಅಡ್ಡಲಾಗಿ ಈ ಚೌಕ. ರಷ್ಯಾದ ಮನೆಗಳಲ್ಲಿ ಅದು ದೇವರ ಮೂಲೆ. ಮೇರಿ, ಯೇಸು, ಸಂತರ ಐಕಾನ್‌ಗಳು, ಅಂದರೆ ಪೂಜೆಯ ಚಿತ್ರಗಳು, ಇರುವ ಜಾಗ. ವಿಮರ್ಶಕ ಅಲೆಕ್ಸಾಂಡರ್ ಬೆನುವಾಗೆ ಇದು ತಕ್ಷಣ ಹೊಳೆಯಿತು, ಸಿಟ್ಟೂ ಬಂತು. ಆತನ ಮೆಚ್ಚುಗೆ ಸಿಗದಿದ್ದರೂ, ಚಿತ್ರವನ್ನು ಸರಿಯಾಗಿ ಓದಿದವರಲ್ಲಿ ಆತ ಮೊದಲಿಗ ಎಂದೇ ನನ್ನ ಭಾವನೆ. ಮರ, ಮುಖ, ದೇವರು, ಯಾವುದರ ರೂಪವನ್ನೂ ತೋರಿಸದ ಬಣ್ಣದ ಮುಂದೆಯೂ ಮನುಷ್ಯ ಅಷ್ಟೇ ಏಕಾಗ್ರತೆಯಿಂದ ನಿಲ್ಲಬಲ್ಲ ಎಂದು ಮಾಲೆವಿಚ್ ನಂಬಿದ್ದ. ಈ ದಾರಿಗೆ ಆತ ಇಟ್ಟ ಹೆಸರು ಸುಪ್ರಮಾಟಿಸಂ.

ಇನ್ನು, ಮೊಬೈಲಿನಲ್ಲಿ ಈ ಚಿತ್ರ ಅರ್ಧಕ್ಕರ್ಧ ಸತ್ತುಹೋಗುತ್ತದೆ. ಮೂಲ ಚಿತ್ರ ಮಾಸ್ಕೋದ ಟ್ರೆಟ್ಯಕೋವ್ ಗ್ಯಾಲರಿಯಲ್ಲಿದೆ, ಪ್ರತಿ ಬದಿ 79.5 ಸೆಂಟಿಮೀಟರ್. ಒಳಗಿನ ಕಪ್ಪು ಆಕಾರ ಅಳೆದು ಕೊರೆದ ಚೌಕವಲ್ಲ, ಕೈಬರಹದ ಹಾಗೆ ತುಸು ವಾರೆ. ಮೊದಲ ಕ್ಯಾಟಲಾಗಿನಲ್ಲಿ ಅದರ ಹೆಸರೂ ಬರೀ ‘ಚತುರ್ಭುಜ’. ಕಪ್ಪು ಬಣ್ಣ ಬಿಸಿಲಿಗೆ ಒಣಗಿದ ಕೆರೆಯಂತೆ ಬಿರುಕುಬಿಟ್ಟಿದೆ, ಬಿರುಕುಗಳಲ್ಲಿ ಬೇರೆ ಬಣ್ಣಗಳು ಇಣುಕುತ್ತವೆ. 2015ರಲ್ಲಿ ಗ್ಯಾಲರಿಯ ತಜ್ಞರು ಎಕ್ಸ್‌ರೇ ಹಿಡಿದು ನೋಡಿದಾಗ ಅಡಿಯಲ್ಲಿ ಇನ್ನೂ ಎರಡು ಬಣ್ಣದ ಚಿತ್ರಗಳಿದ್ದವು. ಒಂದರ ಮೇಲೊಂದು ಬರೆದು, ಮುಚ್ಚಿ, ಕೊನೆಗೆ ಇಲ್ಲಿಗೆ ಬಂದು ನಿಂತಿದ್ದಾನೆ. ನನಗೆ ಆ ಬಿರುಕುಗಳೇ ತುಂಬ ಇಷ್ಟ.

ಇದು ಚಿತ್ರಕಲೆಯ ಅಂತ್ಯ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದೇ ಗೋಡೆಯಲ್ಲಿ ವಾಲುವ, ತೇಲುವ ಬಣ್ಣಬಣ್ಣದ ಆಕಾರಗಳ ಚಿತ್ರಗಳೂ ಇದ್ದವಲ್ಲ!

ಮುಂದೆ ಸ್ಟಾಲಿನ್ ಕಾಲದಲ್ಲಿ ಇಂಥ ಕಲೆಗೆ ಜಾಗವಿರಲಿಲ್ಲ. 1930ರಲ್ಲಿ ಮಾಲೆವಿಚ್‌ನ ಬಂಧನವೂ ಆಯಿತು. ಆತ ಮತ್ತೆ ಮನುಷ್ಯರ ಮುಖಗಳನ್ನು ಬರೆದ. 1933ರ ಸ್ವಚಿತ್ರದಲ್ಲಿ ಹಳೆಯ ಇಟಲಿಯ ಕಲಾವಿದನಂತೆ ಉಡುಪು ತೊಟ್ಟು ನಿಂತಿದ್ದಾನೆ. ಕೆಳಗಿನ ಮೂಲೆಯಲ್ಲಿ, ಸಹಿ ಇರಬೇಕಾದಲ್ಲಿ, ಪುಟ್ಟದೊಂದು ಕಪ್ಪು ಚೌಕವಿದೆ.