ಮಿರ್ಜಾನಿನ ಕೋಟೆ, ಕಾರವಾರದ ಶಿಲ್ಪಗಳು ಮತ್ತು ಕಾಳುಮೆಣಸು

ಶಿರಸಿಯ ನಮ್ಮ ತೋಟದಲ್ಲಿ ಮೆಣಸಿನ ಕೊಯ್ಲು ಮುಗಿದ ಮರುವಾರ, ಅಕ್ಕನ ಮಗಳನ್ನು ಕರೆದುಕೊಂಡು ದೇವಿಮನೆ ಘಟ್ಟ ಇಳಿದೆ. ಅವಳಿಗೆ ಕುಮಟಾ ಸಮೀಪದ ಮಿರ್ಜಾನ್ ಕೋಟೆಯನ್ನು ನೋಡುವ ಆಸೆ; ನನಗೆ ಕಾರವಾರದ ಕಡಲತೀರದ ರಾಕ್ ಗಾರ್ಡನ್ನಿನ ಶಿಲ್ಪಗಳನ್ನು ನಿಧಾನವಾಗಿ ನೋಡುವ ಆಸೆ.

ಮಿರ್ಜಾನ್ ಕುಮಟೆಯಿಂದ 11 ಕಿಲೋಮೀಟರ್ ದೂರದಲ್ಲಿ, ಅಘನಾಶಿನಿಯ ದಡಕ್ಕೆ ಹತ್ತಿರದಲ್ಲಿದೆ. ಸುಮಾರು 10 ಎಕರೆ ವಿಸ್ತಾರದ ಈ ಕೋಟೆ ಚಿರೆಕಲ್ಲಿನದು. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿದ್ದು, ಗಾಳಿಬಿಸಿಲಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವುದು ಈ ಕಲ್ಲಿನ ಗುಣ. ನಮ್ಮ ಕರಾವಳಿಯ ಮನೆಗಳಿಗೂ ಬಾವಿಕಟ್ಟೆಗಳಿಗೂ ಇದೇ ಆಧಾರ. ಹತ್ತಿರ ಹೋಗಿ ನೋಡಿದರೆ ಕಲ್ಲಿನ ಮೈತುಂಬ ತೂತುಗಳು, ಒಂದೊಂದು ತೂತಿನಲ್ಲೂ ಒಣಗಿ ಕಂದಿದ ಪಾಚಿ, ಅಲ್ಲಲ್ಲಿ ಬೆರಳುದ್ದದ ಜರಿಗಿಡ. ಮಳೆಗಾಲದಲ್ಲಿ ಇಡೀ ಕೋಟೆ ಹಸಿರು ಹೊದ್ದು ನಿಲ್ಲುತ್ತದೆ, ಚಿತ್ರ ತೆಗೆಯುವವರೆಲ್ಲ ಆಗಲೇ ಬರುತ್ತಾರೆ. ಆದರೆ ಕಟ್ಟಡದ ಎಲುಬು ಕಾಣಬೇಕಾದರೆ ಬೇಸಿಗೆಯೇ ವಾಸಿ ಎಂದು ನನಗನಿಸಿತು. ಅಗಲವಾದ ಮೆಟ್ಟಿಲುಗಳನ್ನು ಹತ್ತಿ ಮಹಾದ್ವಾರ ದಾಟಿದರೆ ಒಳಗೆ ಬುರುಜುಗಳು, ಕಟ್ಟಡಗಳ ಅಡಿಪಾಯಗಳು, ಆಳವಾದ ಬಾವಿಗಳು. ಒಂದು ಬಾವಿಯ ಅಂಚಿನಲ್ಲಿ ಬಗ್ಗಿ ಹುಡುಗಿ ಕೂಗಿದಳು. ದನಿ ಮರಳಿ ಬರುವ ಮೊದಲೇ ಪಾರಿವಾಳಗಳು ಮೇಲೆದ್ದವು.

ಈ ಕೋಟೆಯ ಮಾತು ಬಂದಾಗಲೆಲ್ಲ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಬಂದೇ ಬರುತ್ತದೆ. 1552ರಿಂದ 1606ರವರೆಗೆ ಆಳಿದ ಈಕೆಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಘಟ್ಟದ ಮೇಲಿನ ಮೆಣಸು ಈ ಸೀಮೆಯ ನದಿಗಳಲ್ಲಿ ಇಳಿದು ಕಡಲು ಸೇರುತ್ತಿತ್ತು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 2000-2001ರಲ್ಲಿ ನಡೆಸಿದ ಉತ್ಖನನದಲ್ಲಿ ಫಿರಂಗಿ ಗುಂಡುಗಳ ಜೊತೆಗೆ ಚೀನಾದ ಪಿಂಗಾಣಿಯ ಚೂರುಗಳೂ ದೊರೆತವು. ಮೆಣಸು ಕೊಟ್ಟು ಪಿಂಗಾಣಿ ತಂದ ಊರು ಇದು ಎಂದು ಊಹಿಸುವುದಕ್ಕೆ ಅಷ್ಟು ಸಾಕು. ಆದರೆ ವಾರದ ಹಿಂದಷ್ಟೇ ಏಣಿ ಹತ್ತಿ, ಚಗಳಿ ಇರುವೆ ಕಚ್ಚಿಸಿಕೊಂಡು ಮೆಣಸು ಕೊಯ್ದ ನನಗೆ, ಆ ಕಾಲದಲ್ಲಿ ಬಳ್ಳಿಗೆ ಕೈಹಾಕಿದವರು, ಮೂಟೆ ಹೊತ್ತವರು, ಈ ಚಿರೆಕಲ್ಲು ಕಡಿದವರು ಯಾರು ಎಂಬ ಪ್ರಶ್ನೆ ಬಿಡಲಿಲ್ಲ. ಬರಿಯ ಗೋಡೆಗಳಿಂದ ಅದಕ್ಕೆ ಉತ್ತರ ಸಿಗುವಂತಿರಲಿಲ್ಲ.

ಮಧ್ಯಾಹ್ನ ಹೆದ್ದಾರಿ ಹಿಡಿದೆವು. 2024ರ ಜುಲೈ 16ರಂದು ಗುಡ್ಡ ಕುಸಿದ ಶಿರೂರಿನಲ್ಲಿ ಇಬ್ಬರೂ ಮಾತು ನಿಲ್ಲಿಸಿದೆವು. ಅಂಕೋಲೆಯಲ್ಲಿ ಊಟ.

ಕಾರವಾರದ ರಾಕ್ ಗಾರ್ಡನ್ ಚೌಕಟ್ಟು ಹಾಕಿದ ಚಿತ್ರಗಳ ಸಂಗ್ರಹಾಲಯವಲ್ಲ. ಉತ್ತರ ಕನ್ನಡದ ಬುಡಕಟ್ಟು ಸಮುದಾಯಗಳ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ತೋರಿಸುವ ಬಯಲು. ಹಾಲಕ್ಕಿ ಹೆಂಗಸಿನ ಶಿಲ್ಪದ ಮುಂದೆ ನಾವು ಬಹಳ ಹೊತ್ತು ನಿಂತೆವು. ಕೊರಳಿನಿಂದ ಎದೆಯವರೆಗೆ ಪದರಪದರವಾಗಿ ಇಳಿದ ಮಣಿಸರ, ರವಿಕೆಯಿಲ್ಲದೆ ಉಟ್ಟ ಸೀರೆಯ ಗಂಟು, ಎಲ್ಲವೂ ಸರಿಯಾಗಿತ್ತು. ಮುಖ ಮಾತ್ರ ತುಸು ಗೊಂಬೆಯಂತಿತ್ತು. ಹಾಡುತ್ತಿದ್ದ ಸುಕ್ರಿ ಬೊಮ್ಮಗೌಡರನ್ನೋ ಸಸಿಗೆ ಮಣ್ಣೇರಿಸುತ್ತಿದ್ದ ತುಳಸಿ ಗೌಡರನ್ನೋ ಚಿತ್ರಗಳಲ್ಲಿಯಾದರೂ ಕಂಡವರಿಗೆ ಆ ಕೊರತೆ ಬೇಗ ತಿಳಿಯುತ್ತದೆ. ಹಾಲಕ್ಕಿ ಸಮುದಾಯದವರೇ ಆದ, ಅಂಕೋಲಾ ತಾಲೂಕಿನ ಈ ಇಬ್ಬರು ಪದ್ಮಶ್ರೀ ಪುರಸ್ಕೃತರೂ ಎರಡು ತಿಂಗಳ ಅಂತರದಲ್ಲಿ, ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ, ತೀರಿಕೊಂಡರು.

ಸಿದ್ದಿಗಳ ಶಿಲ್ಪದ ಬಳಿ ಬೆಳಗಿನ ಪ್ರಶ್ನೆ ಮತ್ತೆ ತಲೆಯೆತ್ತಿತು. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ನೆಲೆಸಿರುವ ಇವರ ಪೂರ್ವಜರನ್ನು ಆಫ್ರಿಕಾದಿಂದ ಈ ಕರಾವಳಿಗೆ ಗುಲಾಮರಾಗಿ ತಂದವರಲ್ಲಿ ಪೋರ್ಚುಗೀಸರೂ ಇದ್ದರು. ಮೆಣಸು ಒಯ್ಯಲು ಬಂದವರೇ ಮನುಷ್ಯರನ್ನೂ ತಂದು ಮಾರಿದರು ಎಂದು ಹುಡುಗಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಮಾವ, ಕೋಟೆಯೊಳಗೆ ಇವರ ಮನೆಗಳು ಎಲ್ಲಿದ್ದವು?” ಎಂದು ಕೇಳಿದಳು.

“ಒಳಗೆ ಇರಲಿಲ್ಲ ಅಂತ ಕಾಣುತ್ತದೆ,” ಎಂದೆ.

ಸೂರ್ಯ ಮುಳುಗುವವರೆಗೆ ಕಡಲತೀರದಲ್ಲಿ ಕುಳಿತಿದ್ದು, ರಾತ್ರಿ ಘಟ್ಟ ಹತ್ತಿದೆವು. ಮನೆಯಂಗಳದಲ್ಲಿ ಮೆಣಸು ಇನ್ನೂ ಒಣಗುತ್ತಿತ್ತು.