ಪ್ಯಾನೆಲ್ ಯಾವುದು ಅಂತ ಕೇಳುವ ಮೊದಲು ರೂಮಿನ ಕಿಟಕಿ ನೋಡಿ

ಗೇಮಿಂಗ್ ಮಾನಿಟರ್ ತಗೊಳ್ಳಲು ಹೊರಟವರು ನನ್ನ ಹತ್ತಿರ ಮೊದಲು ಕೇಳುವುದು ಐಪಿಎಸ್ ಒಳ್ಳೆಯದಾ, ವಿಎ ಒಳ್ಳೆಯದಾ ಅಂತ. ಇವು ಪ್ಯಾನೆಲಿನ, ಅಂದರೆ ಮಾನಿಟರಿನಲ್ಲಿ ಚಿತ್ರ ಮೂಡಿಸುವ ಪರದೆಯ, ಬೇರೆ ಬೇರೆ ಬಗೆಗಳು. ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಆಡುವ ಆಟ ಯಾವುದು? ರೂಮಿಗೆ ಬೆಳಕು ಯಾವ ಕಡೆಯಿಂದ ಬರುತ್ತದೆ?

ಎರಡನೆಯದನ್ನು ಯಾರೂ ಯೋಚಿಸಿರುವುದಿಲ್ಲ. ಆದರೆ ನಮ್ಮ ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಅದೇ ದೊಡ್ಡ ವಿಷಯ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿದರೆ ಮಧ್ಯಾಹ್ನವೇ ಲೈಟ್ ಹಾಕಿ ಕೂರಬೇಕು. ಅದೇ ಏಪ್ರಿಲ್ ತಿಂಗಳಲ್ಲಿ, ಪಡು ಬದಿಗೆ ಕಿಟಕಿ ಇರುವ ರೂಮಾದರೆ, ಸಂಜೆ ನಾಲ್ಕರ ನಂತರ ಬಿಸಿಲು ನೇರ ಟೇಬಲಿನ ಮೇಲೆಯೇ ಬಂದು ಬೀಳುತ್ತದೆ, ಕರ್ಟನ್ ಎಳೆದರೆ ಸೆಕೆ ತಡೆಯಲಿಕ್ಕೆ ಆಗುವುದಿಲ್ಲ. ಒಂದೇ ಮಾನಿಟರ್ ಈ ಎರಡು ಹೊತ್ತಿಗೆ ಎರಡು ಥರ ಕಾಣುತ್ತದೆ. ವಿಡಿಯೋ ರಿವ್ಯೂ ಮಾಡುವವರು ಹೆಚ್ಚಾಗಿ ಬೆಳಕನ್ನು ಹಿಡಿತದಲ್ಲಿಟ್ಟ ಸ್ಟುಡಿಯೋದಲ್ಲಿ ಕೂತಿರುತ್ತಾರೆ. ನಾವು ಆಡುವುದು ಅಲ್ಲಿ ಅಲ್ಲ.

ಟಿಎನ್ ಅನ್ನುವ ಹಳೆಯ ಬಗೆಯ ಪ್ಯಾನೆಲ್ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಒಂದು ಕಾಲದಲ್ಲಿ ವೇಗ ಬೇಕಾದರೆ ಅದೊಂದೇ ದಾರಿ ಇತ್ತು. ಕುರ್ಚಿಯಲ್ಲಿ ಸ್ವಲ್ಪ ಜಾರಿ ಕೂತು ಕೆಳಗಿನಿಂದ ನೋಡಿದರೆ ಬಣ್ಣಗಳೇ ಉಲ್ಟಾ ಆಗುತ್ತವೆ. ಕೌಂಟರ್ ಸ್ಟ್ರೈಕನ್ನು ಟೂರ್ನಮೆಂಟ್ ಮಟ್ಟದಲ್ಲಿ ಆಡುವವರು ಬೆನ್‌ಕ್ಯೂ ಝೋವಿಯ ಟಿಎನ್ ಮಾನಿಟರ್‌ಗಳನ್ನು ತುಂಬಾ ಬಳಸಿದ್ದಾರೆ, ಅವರ ಲೆಕ್ಕ ಬೇರೆ. ಮನೆಯಲ್ಲಿ ಆಡಿ, ಅದರಲ್ಲೇ ಸಿನಿಮಾ ನೋಡಿ, ಅದರಲ್ಲೇ ಕಾಲೇಜಿನ ಪ್ರಾಜೆಕ್ಟ್ ಮಾಡುವವರಿಗೆ ಇವತ್ತು ಟಿಎನ್ ಬೇಡ.

ಐಪಿಎಸ್ ಬಂದದ್ದು 1996ರಲ್ಲಿ, ಹಿಟಾಚಿ ಕಂಪನಿಯಿಂದ. ಟಿಎನ್‌ನ ಆ ಕೋನದ ತೊಂದರೆ ತಪ್ಪಿಸಲಿಕ್ಕೆಂದೇ ಮಾಡಿದ್ದು. ಅಕ್ಕಪಕ್ಕ ಮೂರು ಜನ ಕೂತು ನೋಡಿದರೂ ಬಣ್ಣ ಸರಿಯಾಗಿ ಕಾಣುತ್ತದೆ. ಮೊದಲು ನಿಧಾನ ಅನ್ನುವ ಹೆಸರಿತ್ತು, ಈಗಿನ ಫಾಸ್ಟ್ ಐಪಿಎಸ್‌ಗಳಲ್ಲಿ ಆ ಮಾತು ಇಲ್ಲ. ಇದರ ಕೊರತೆ ಕಪ್ಪು. ಸಾಮಾನ್ಯ ಐಪಿಎಸ್‌ನ ಕಾಂಟ್ರಾಸ್ಟ್ ಸುಮಾರು 1000:1. ಅಂದರೆ ಅದು ತೋರಿಸುವ ಬಿಳಿಯ ಸಾವಿರದಲ್ಲಿ ಒಂದು ಪಾಲು ಬೆಳಕು ಕಪ್ಪಿನಲ್ಲೂ ಇರುತ್ತದೆ. ಹಗಲು ಇದು ಗೊತ್ತೇ ಆಗುವುದಿಲ್ಲ. ರಾತ್ರಿ ಎಲ್ಲ ಲೈಟ್ ಆರಿಸಿ ಕೂತು, ಆಟ ಲೋಡ್ ಆಗುವ ಆ ಕಪ್ಪು ಸ್ಕ್ರೀನ್ ಬಂದಾಗ ಮೂಲೆಗಳನ್ನು ನೋಡಿ, ಬೂದು ಬಣ್ಣದ ಒಂದು ಹೊಳಪು ಹರಡಿರುತ್ತದೆ. ತಲೆ ಅಲ್ಲಾಡಿಸಿದರೆ ಆ ಹೊಳಪೂ ಸ್ವಲ್ಪ ಬದಲಾಗುತ್ತದೆ. ಅದಕ್ಕೆ ಐಪಿಎಸ್ ಗ್ಲೋ ಅನ್ನುತ್ತಾರೆ. ಅದು ಕೆಟ್ಟ ಪೀಸ್ ಬಂದದ್ದಲ್ಲ, ಪ್ಯಾನೆಲಿನ ಗುಣವೇ ಹಾಗೆ. ಹಾಗಾಗಿ ಹಗಲು ಆಡುವವರು, ಬೆಳಕಿನ ರೂಮಿನವರು, ವ್ಯಾಲರಂಟ್ ಥರದ ಬೆಳಕಿನ ಮ್ಯಾಪ್ ಇರುವ ಆಟ, ಫುಟ್‌ಬಾಲ್, ಕಾರ್ ರೇಸ್ ಆಡುವವರು ಕಣ್ಣು ಮುಚ್ಚಿ ಐಪಿಎಸ್ ತಗೊಳ್ಳಬಹುದು.

ವಿಎ ವಿಷಯಕ್ಕೆ ಬಂದರೆ ನನಗೆ ಹೇಳಲಿಕ್ಕೆ ತುಂಬಾ ಉಂಟು, ಯಾಕೆಂದರೆ ಅತಿ ಹೆಚ್ಚು ಜನ ಬೇಜಾರು ಮಾಡಿಕೊಳ್ಳುವುದೂ ಇದರಲ್ಲೇ, ತುಂಬಾ ಖುಷಿ ಪಡುವುದೂ ಇದರಲ್ಲೇ. ಇದರ ಕ್ರಿಸ್ಟಲ್‌ಗಳು ಕರೆಂಟ್ ಇಲ್ಲದಾಗ ಗಾಜಿಗೆ ನೇರವಾಗಿ ನಿಂತು ಹಿಂದಿನ ಬೆಳಕನ್ನು ಚೆನ್ನಾಗಿ ತಡೆಯುತ್ತವೆ. ಅದರಿಂದ ಕಾಂಟ್ರಾಸ್ಟ್ 3000:1 ಆಸುಪಾಸು ಹೋಗುತ್ತದೆ. ಮಳೆಗಾಲದ ರಾತ್ರಿ ಕತ್ತಲೆ ರೂಮಿನಲ್ಲಿ ಹಾರರ್ ಆಟ ಆಡಿದರೆ ಆ ಕಪ್ಪಿನ ಬೆಲೆ ಗೊತ್ತಾಗುತ್ತದೆ. ಆದರೆ ಅದೇ ಕ್ರಿಸ್ಟಲ್‌ಗಳು ಪೂರ್ತಿ ಕಪ್ಪಿನಿಂದ ಗಾಢ ಬೂದಿಗೆ ಏಳುವಾಗ ತಡ ಮಾಡುತ್ತವೆ. ಎಲ್ಡನ್ ರಿಂಗ್‌ನಲ್ಲಿ ಒಂದು ಗುಹೆಯೊಳಗೆ ಹೋಗಿ, ಗೋಡೆಯ ಹತ್ತಿರ ನಿಂತು ಕ್ಯಾಮೆರಾವನ್ನು ಬೇಗ ತಿರುಗಿಸಿ ನೋಡಿ. ಕಲ್ಲಿನ ಕತ್ತಲೆ ಅಂಚು ಹಿಂದೆಯೇ ಉಳಿದು, ಒದ್ದೆ ಮಸಿಯನ್ನು ಬೆರಳಲ್ಲಿ ಎಳೆದ ಹಾಗೆ ಗೀರು ಬೀಳುತ್ತದೆ. ಹಗಲಿನ ದೃಶ್ಯದಲ್ಲಿ ಅದೇ ಮಾನಿಟರ್ ತುಂಬಾ ಚೆನ್ನಾಗಿರುತ್ತದೆ, ಆದ್ದರಿಂದಲೇ ಎಷ್ಟೋ ಜನರಿಗೆ ಮನೆಗೆ ತಂದು ವಾರ ಕಳೆದ ಮೇಲೆ ಇದು ಕಾಣುವುದು. ಎಲ್ಲ ವಿಎ ಹೀಗೆ ಅಲ್ಲ. 2020ರಲ್ಲಿ ಬಂದ ಸ್ಯಾಮ್‌ಸಂಗ್ ಒಡಿಸ್ಸಿ ಜಿ7 ವಿಎ ಆಗಿದ್ದರೂ ನಿಜಕ್ಕೂ ವೇಗದ್ದು. ಆದರೆ ಕಡಿಮೆ ಬೆಲೆಯ ಕರ್ವ್ಡ್ ಮಾನಿಟರ್ ಅಂತ ಆಫರ್‌ನಲ್ಲಿ ಸಿಗುವವು ಹೆಚ್ಚಿನವು ವಿಎಯೇ, ಅವುಗಳಲ್ಲಿ ಈ ಗೀರು ಇದ್ದೇ ಇರುತ್ತದೆ ಅಂದುಕೊಂಡು ನೋಡಲಿಕ್ಕೆ ಹೋಗಿ.

ಬಾಕ್ಸಿನ ಮೇಲೆ 1 ಮಿಲಿಸೆಕೆಂಡ್ ಅಂತ ಬರೆದಿತ್ತಲ್ಲಾ ಅಂದರೆ, ಆ ಸಂಖ್ಯೆಯನ್ನು ನಂಬಿ ದುಡ್ಡು ಕೊಡಬೇಡಿ. ಒಂದು ಬೂದಿಯಿಂದ ಇನ್ನೊಂದು ಬೂದಿಗೆ ಬದಲಾಗುವ ಸಮಯವನ್ನು ಅವರಿಗೆ ಅನುಕೂಲವಾದ ಒಂದು ಜಾಗದಲ್ಲಿ ಅಳೆದು ಬರೆದಿರುತ್ತಾರೆ, ಇಲ್ಲವೇ ಎಂಪಿಆರ್‌ಟಿ ಅನ್ನುವ ಬೇರೆಯೇ ಅಳತೆ ಆಗಿರುತ್ತದೆ, ಅದಕ್ಕೆ ಬ್ಯಾಕ್‌ಲೈಟನ್ನು (ಪ್ಯಾನೆಲಿನ ಹಿಂದಿನ ಬೆಳಕನ್ನು) ಮಿಟುಕಿಸಬೇಕು, ಬೆಳಕು ಕಡಿಮೆ ಆಗುತ್ತದೆ. ಲೆಕ್ಕ ಸರಳ. 144 ಹರ್ಟ್ಜ್ ಅಂದರೆ ಸೆಕೆಂಡಿಗೆ 144 ಫ್ರೇಮ್, ಅಂದರೆ ಚಿತ್ರ; ಒಂದು ಫ್ರೇಮಿಗೆ ಸಿಗುವುದು 6.9 ಮಿಲಿಸೆಕೆಂಡ್. ಪಿಕ್ಸೆಲ್ ಬಣ್ಣ ಬದಲಿಸಲಿಕ್ಕೆ 20 ತಗೊಂಡರೆ ಮುಂದಿನ ಎರಡು ಫ್ರೇಮ್ ಆಗಲೇ ಬಂದು ಒಂದರ ಮೇಲೊಂದು ಬಿದ್ದಿರುತ್ತದೆ. ಮೆನುವಿನಲ್ಲಿ ಪಿಕ್ಸೆಲನ್ನು ಬೇಗ ಬದಲಿಸಲಿಕ್ಕೆ ಓವರ್‌ಡ್ರೈವ್ ಅಂತ ಇರುತ್ತದೆ, ಅದನ್ನು ಪೂರ್ತಿ ಏರಿಸಿದರೆ ವಸ್ತುಗಳ ಹಿಂದೆ ಬೆಳ್ಳಗಿನ ನೆರಳು ಬರುತ್ತದೆ. ಮಧ್ಯದಲ್ಲಿ ಇಡಿ. ಬೆಳಕು-ಕತ್ತಲೆಯ ವ್ಯತ್ಯಾಸ ಹೆಚ್ಚು ತೋರಿಸುತ್ತದೆ ಅನ್ನುವ ಎಚ್‌ಡಿಆರ್ 400 ಸ್ಟಿಕ್ಕರಿಗೂ ಇದೇ ಮಾತು, ಅದಕ್ಕೆ ಲೋಕಲ್ ಡಿಮ್ಮಿಂಗ್ (ಕತ್ತಲೆ ಇರುವ ಜಾಗದಲ್ಲಿ ಮಾತ್ರ ಹಿಂದಿನ ಬೆಳಕನ್ನು ಇಳಿಸುವುದು) ಇರಲೇಬೇಕು ಅಂತ ನಿಯಮ ಇಲ್ಲ.

ಇನ್ನು ಓಎಲ್‌ಇಡಿ. ಇದರಲ್ಲಿ ಬ್ಯಾಕ್‌ಲೈಟೇ ಇಲ್ಲ, ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಕಪ್ಪು ಬೇಕಾದಲ್ಲಿ ಪೂರ್ತಿ ಆರುತ್ತದೆ. ಗೀರು ಇಲ್ಲ, ಗ್ಲೋ ಇಲ್ಲ. 2022ರಲ್ಲಿ ಡೆಲ್‌ನ ಏಲಿಯನ್‌ವೇರ್ ಮೊದಲ ಕ್ಯೂಡಿ-ಓಎಲ್‌ಇಡಿ (ಓಎಲ್‌ಇಡಿಯದ್ದೇ ಒಂದು ಬಗೆ) ಗೇಮಿಂಗ್ ಮಾನಿಟರ್ ತಂದ ಮೇಲೆ ಆಯ್ಕೆ ಜಾಸ್ತಿಯಾಗಿದೆ, ಆದರೂ ಬೆಲೆ ಅದೇ ಅಳತೆಯ ಒಳ್ಳೆಯ ಐಪಿಎಸ್‌ಗಿಂತ ಜಾಸ್ತಿಯೇ. ದುಡ್ಡು ಇದ್ದು, ರಾತ್ರಿ ಆಡುವವರಾದರೆ ಇದಕ್ಕಿಂತ ಚೆಂದದ್ದು ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಕಿಟಕಿಯ ಮಾತು ಇಲ್ಲಿ ತಿರುಗಿ ಬರುತ್ತದೆ. ಕ್ಯೂಡಿ-ಓಎಲ್‌ಇಡಿಯಲ್ಲಿ ಹೊರಗಿನ ಬೆಳಕು ತಿರುಗಿ ಬಾರದ ಹಾಗೆ ತಡೆಯುವ ಪೋಲರೈಸರ್ ಪದರ ಇರುವುದಿಲ್ಲ, ಹೊರಗಿನ ಬೆಳಕು ಬಿದ್ದರೆ ಆ ಕಡುಕಪ್ಪು ನೇರಳೆ ಮಿಶ್ರಿತ ಬೂದಿಯಾಗಿ ಕಾಣುತ್ತದೆ. ಪಡು ಬದಿಯ ಕಿಟಕಿಯ ಎದುರು ಅದನ್ನಿಟ್ಟರೆ ದುಡ್ಡು ಕೊಟ್ಟದ್ದೇ ಯಾವುದಕ್ಕೋ ಅದೇ ಸಿಗುವುದಿಲ್ಲ.

ನಮ್ಮ ಊರಿಗೇ ಸೇರಿದ ಇನ್ನೊಂದು ವಿಷಯ ಉಂಟು. ಓಎಲ್‌ಇಡಿಯಲ್ಲಿ ಟಾಸ್ಕ್‌ಬಾರ್, ಆಟದ ಹೆಲ್ತ್ ಬಾರ್ ಹೀಗೆ ಒಂದೇ ಜಾಗದಲ್ಲಿ ನಿಲ್ಲುವ ಚಿತ್ರದ ಅಚ್ಚು ಉಳಿಯಬಹುದು, ಬರ್ನ್ ಇನ್ ಅನ್ನುತ್ತಾರೆ. ಅದನ್ನು ತಡೆಯಲಿಕ್ಕೆ ಮಾನಿಟರ್ ತಾನೇ ಪಿಕ್ಸೆಲ್ ರಿಫ್ರೆಶ್ ಮಾಡಿಕೊಳ್ಳುತ್ತದೆ. ಹಲವು ಮಾದರಿಗಳಲ್ಲಿ ಸುಮಾರು 4 ಗಂಟೆ ಬಳಸಿದ ಮೇಲೆ, ಸ್ಟ್ಯಾಂಡ್‌ಬೈಗೆ ಹೋದಾಗ, ಕೆಲವು ನಿಮಿಷ ನಡೆಯುವ ಕೆಲಸ ಅದು. ನಾವೋ, ಗುಡುಗು ಕೇಳಿದ ಕೂಡಲೇ ಪ್ಲಗ್ ಎಳೆಯುವವರು. ಮೇ ತಿಂಗಳ ಸಿಡಿಲಿಗೆ ಟಿವಿ, ಮೋಡೆಮ್ ಸುಟ್ಟು ಹೋಗದ ಮನೆ ಇಲ್ಲಿ ಕಡಿಮೆ, ಆ ಅಭ್ಯಾಸ ಬಿಡಿ ಅಂತ ನಾನು ಹೇಳುವುದಿಲ್ಲ, ಖಂಡಿತ ಎಳೆಯಿರಿ. ಆದರೆ ಸಿಡಿಲಿಲ್ಲದ ದಿನವೂ ಆಟ ಮುಗಿದ ತಕ್ಷಣ ಗೋಡೆಯ ಸ್ವಿಚ್ ಆಫ್ ಮಾಡಿದರೆ ಆ ರಿಫ್ರೆಶ್ ನಡೆಯುವುದೇ ಇಲ್ಲ. ಸ್ಟ್ಯಾಂಡ್‌ಬೈಗೆ ಬಿಟ್ಟು, ಊಟ ಮಾಡಿ ಬಂದು ಆಮೇಲೆ ಆಫ್ ಮಾಡಿ. ಮನೆಯಲ್ಲಿ ಅಮ್ಮನಿಗೂ ಹೇಳಿಡಿ. ಬರ್ನ್ ಇನ್‌ಗೆ ವಾರಂಟಿ ಉಂಟಾ ಅಂತ ಬಿಲ್ ಮಾಡಿಸುವ ಮೊದಲೇ ಕೇಳಿ.

ನನ್ನ ಚಿಕ್ಕಮ್ಮನ ಮಗ ಮಣಿಪಾಲದಲ್ಲಿ ಓದುತ್ತಿದ್ದಾನೆ, ಪಿಜಿಯಲ್ಲಿ ಇನ್ನೊಬ್ಬನ ಜೊತೆ ರೂಮು. "ಅಣ್ಣ, ಒಂದು ಕರ್ವ್ಡ್ ವಿಎ ತುಂಬಾ ಕಡಿಮೆಗೆ ಉಂಟು, 32 ಇಂಚು, ತಗೊಳ್ಳಲಾ?" ಅಂತ ಫೋನ್ ಮಾಡಿದ. ಎಂತ ಆಡ್ತೀಯ ಅಂದೆ. ಹೆಚ್ಚಾಗಿ ವ್ಯಾಲರಂಟ್ ಅಂದ. ರೂಮ್‌ಮೇಟ್ ರಾತ್ರಿ ಎರಡರವರೆಗೆ ಟ್ಯೂಬ್‌ಲೈಟ್ ಹಾಕಿಯೇ ಓದುತ್ತಾನಂತೆ. "ಬೇಡ ಮಾರಾಯ, ಟ್ಯೂಬ್‌ಲೈಟ್ ಕೆಳಗೆ ಆ ಕಪ್ಪು ನಿನಗೆ ಕಾಣುವುದೇ ಇಲ್ಲ, ವೇಗ ಮಾತ್ರ ಕಳಕೊಳ್ತೀಯ" ಅಂದೆ. ಮೇಲಿಂದ 32 ಇಂಚಿನಲ್ಲಿ 1080 ರೆಸಲ್ಯೂಶನ್ ಅಂದರೆ ಹತ್ತಿರ ಕೂತಾಗ ಅಕ್ಷರಗಳ ಚುಕ್ಕಿ ಎಣಿಸಬಹುದು. 24 ಇಂಚಿನ 1080 ಐಪಿಎಸ್, 144 ಅಥವಾ 180 ಹರ್ಟ್ಜ್, ಅವನ ಲ್ಯಾಪ್‌ಟಾಪಿಗೆ ಅದು ಸರಿಯಾದ ಜೋಡಿ. 27 ಇಂಚೇ ಬೇಕಾದರೆ 1440ಕ್ಕೆ ಹೋಗಬೇಕು, ಅದನ್ನು ಎಳೆಯುವ ಗ್ರಾಫಿಕ್ಸ್ ಕಾರ್ಡ್ ಬೇಕು.

ಅಂಗಡಿಗೆ ಹೋಗಿ ನೋಡುವವರು ಪೆನ್‌ಡ್ರೈವಿನಲ್ಲಿ ಎರಡು ಚಿತ್ರ ಹಾಕಿಕೊಂಡು ಹೋಗಿ. ಒಂದು ಪೂರ್ತಿ ಕಪ್ಪು. ಇನ್ನೊಂದು ಕಪ್ಪಿನ ಮೇಲೆ ಗಾಢ ಬೂದಿ ಬಣ್ಣದ ಅಕ್ಷರ ಇರುವ ಉದ್ದ ಪುಟ, ಅದನ್ನು ಬೇಗ ಸ್ಕ್ರೋಲ್ ಮಾಡಿದರೆ ವಿಎಯ ಗೀರು ಅಲ್ಲೇ ಕಾಣುತ್ತದೆ. ಹಂಪನಕಟ್ಟೆಯ ಅಂಗಡಿಯಾಗಲಿ ಮಾಲ್ ಆಗಲಿ, ಒಳಗೆ ಲೈಟ್ ಉರಿಯುತ್ತಾ ಇರುವುದರಿಂದ ಐಪಿಎಸ್ ಗ್ಲೋ ಮಾತ್ರ ಅಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಮೊಬೈಲಿನ ಮೇಲೆ ಅಂಗೈ ಮುಚ್ಚಿ ನೋಡುವ ಹಾಗೆ, ಎರಡೂ ಕೈಯಿಂದ ಸ್ಕ್ರೀನಿನ ಮೂಲೆಗೆ ನೆರಳು ಮಾಡಿ ನೋಡಿ, ಸ್ವಲ್ಪ ಅಂದಾಜು ಸಿಗುತ್ತದೆ.

ಮನೆಗೆ ತಂದು ಜೋಡಿಸಿದ ಮೇಲೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಡಿಸ್ಪ್ಲೇ, ಅಡ್ವಾನ್ಸ್ಡ್ ಡಿಸ್ಪ್ಲೇಗೆ ಹೋಗಿ ರಿಫ್ರೆಶ್ ರೇಟ್ ಎಷ್ಟಿದೆ ನೋಡಿ. ಎಷ್ಟೋ ಕಡೆ ಅದು 60ರಲ್ಲೇ ನಿಂತಿರುತ್ತದೆ, 180 ಹರ್ಟ್ಜ್ ಮಾನಿಟರಿನಲ್ಲಿ ತಿಂಗಳುಗಟ್ಟಲೆ 60ರಲ್ಲೇ ಆಡಿದವರು ಇದ್ದಾರೆ. ಪಟ್ಟಿಯಲ್ಲಿ ಮೇಲಿನ ಸಂಖ್ಯೆ ಬರದಿದ್ದರೆ ಹಳೆಯ ಎಚ್‌ಡಿಎಂಐ ಕೇಬಲ್ ತೆಗೆದು ಡಿಸ್ಪ್ಲೇಪೋರ್ಟ್ ಕೇಬಲ್ ಹಾಕಿ, ಹೆಚ್ಚಾಗಿ ಬಾಕ್ಸಿನಲ್ಲೇ ಕೊಟ್ಟಿರುತ್ತಾರೆ.